ಒಂದೇ ಹೆಸರು, ಎದುರಾಳಿ ಬಾವುಟ

ಟ್ರಾಫಲ್ಗರ್ ಕದನದಲ್ಲಿ ಹಡಗಿನ ಹೆಸರು ಓದಿ ಅದು ಯಾರದ್ದೆಂದು ಹೇಳುವಂತಿರಲಿಲ್ಲ. ಸೆರೆ ಸಿಕ್ಕ ನೌಕೆಯ ಹೆಸರೂ ಗೆದ್ದವರ ಲೂಟಿಯ ಪಾಲಾಗಿದ್ದ ಕಾಲವದು.

1805ರ ಅಕ್ಟೋಬರ್ 21. ಸ್ಪೇನಿನ ಟ್ರಾಫಲ್ಗರ್ ಭೂಶಿರದ ಬಳಿ ಬ್ರಿಟನ್ನಿನ 27 ದೊಡ್ಡ ಯುದ್ಧನೌಕೆಗಳು ಫ್ರಾನ್ಸ್-ಸ್ಪೇನ್ ಜಂಟಿ ಪಡೆಯ 33 ನೌಕೆಗಳಿಗೆ ಎದುರಾದವು. ಅಂದು ಅಲ್ಲಿ ‘ನೆಪ್ಚೂನ್’ಗಳೇ ಮೂರಿದ್ದವು, ದೇಶಕ್ಕೊಂದರಂತೆ. ‘ಅಶೀಲ್’ ಎರಡು, ‘ಸ್ವಿಫ್ಟ್‌ಶೂರ್’ ಎರಡು.

ನೆಪ್ಚೂನ್‌ನ ಕತೆ ಸರಳ. ರೋಮನ್ ಪುರಾಣದ ಸಮುದ್ರದೇವರ ಮೇಲೆ ಯುರೋಪಿನ ಎಲ್ಲರಿಗೂ ಹಕ್ಕಿತ್ತು. ಆದರೆ ಸ್ವಿಫ್ಟ್‌ಶೂರ್ ಅಪ್ಪಟ ಇಂಗ್ಲಿಷ್ ಹೆಸರು. ಫ್ರೆಂಚರ ಹಡಗಿಗೆ ಅದು ಬಂದದ್ದು ಹೇಗೆ?

ಹೆಸರೂ ಕೊಳ್ಳೆಯೇ

1798ರ ನೈಲ್ ಕದನದಲ್ಲಿ ಬ್ರಿಟಿಷ್ ನೌಕಾಪಡೆಯ ಅಡ್ಮಿರಲ್ ನೆಲ್ಸನ್ ಪರ ಫ್ರೆಂಚರ ವಿರುದ್ಧ ಹೋರಾಡಿದ್ದ ಸ್ವಿಫ್ಟ್‌ಶೂರ್ 1801ರಲ್ಲಿ ಮೆಡಿಟರೇನಿಯನ್‌ನಲ್ಲಿ ಫ್ರೆಂಚರಿಗೆ ಸೆರೆಸಿಕ್ಕಿತು. ಅವರು ಬೇಕೆಂದೇ ಹೆಸರು ಉಳಿಸಿಕೊಂಡರು. ಆ ಹೆಸರಿದ್ದಷ್ಟು ದಿನವೂ ಗೆಲುವಿನ ಡಂಗುರ ಸಾರಿದಂತೆ. ಬ್ರಿಟಿಷರೂ ಹೆಸರು ಬಿಡಲಿಲ್ಲ, 1804ರಲ್ಲಿ ಹೊಸ ಸ್ವಿಫ್ಟ್‌ಶೂರನ್ನೇ ನೀರಿಗಿಳಿಸಿದರು.

ಬ್ರಿಟಿಷರದ್ದೂ ಇದೇ ಚಾಳಿ. ನೈಲ್‌ನಲ್ಲಿ ವಶಪಡಿಸಿಕೊಂಡ ‘ಟೊನಾಂ’, ‘ಸ್ಪಾರ್ಸಿಯಾಟ್’ ಫ್ರೆಂಚ್ ಹೆಸರಿನಲ್ಲೇ ಟ್ರಾಫಲ್ಗರ್‌ನಲ್ಲಿ ಫ್ರೆಂಚರ ವಿರುದ್ಧ ಗುಂಡು ಹಾರಿಸಿದವು. ಆ ಹೆಸರು ತಮ್ಮಲ್ಲಿ ಮೊದಲೇ ಇದ್ದರೆ ಬದಲಾಯಿಸುತ್ತಿದ್ದರು: 1795ರಲ್ಲಿ ಹಿಡಿದ ‘ಫಾರ್ಮಿಡಬಲ್’ ಹೀಗೆ ‘ಬೆಲ್‌ಐಲ್’ ಆಯಿತು.

ಹಳದಿ ಬಳೆಗಳು

ಹೊಗೆಯ ನಡುವೆ ತಮ್ಮವರ ಗುರುತು ಸಿಗಬೇಕಲ್ಲ? ತನ್ನ ಹಡಗುಗಳೆಲ್ಲವೂ ಬಿಳಿ ನೆಲದ ಬಾವುಟವನ್ನೇ ಹಾರಿಸಬೇಕೆಂದು ಟ್ರಾಫಲ್ಗರ್‌ನಲ್ಲೂ ಬ್ರಿಟಿಷ್ ಪಡೆಯ ನಾಯಕನಾಗಿದ್ದ ನೆಲ್ಸನ್ ಆದೇಶಿಸಿದ. ಶತ್ರುಗಳ ಹಾಯಿಕಂಬಗಳಿಗೆ ಬಿಗಿದ ಕಬ್ಬಿಣದ ಬಳೆಗಳು ಕಪ್ಪಾಗಿರುತ್ತಿದ್ದವು; ತನ್ನ ಹಡಗುಗಳ ಬಳೆಗಳಿಗೆ ಹಳದಿ ಬಳಿಸಿದ. ಗುಂಡಿಗೆ ಬಾವುಟ ಹಾರಿಹೋದರೂ ಕಂಬ ನಿಂತಿರುವವರೆಗೆ ಗುರುತು ಸಿಗಬೇಕೆಂಬುದು ಲೆಕ್ಕಾಚಾರ.

ಅಂದಿನ ವಿಚಿತ್ರ ಜೋಡಿಯೆಂದರೆ ಅಶೀಲ್ ಮತ್ತು ‘ಬೆರಿಕ್’. ಪೋರ್ಟ್ಸ್‌ಮತ್‌ನಲ್ಲಿ ಕಟ್ಟಿದ ಬೆರಿಕ್ 1795ರಲ್ಲಿ ಫ್ರೆಂಚರ ವಶವಾಗಿ, ಈಗ ಅವರ ಬಾವುಟದಡಿ ಬಂದಿತ್ತು. ಅದನ್ನು ಮಣಿಸಿದ್ದು ಫ್ರೆಂಚ್ ಹೆಸರಿನ, ಫ್ರೆಂಚ್ ನೌಕೆ ‘ಪೊಂಪೆ’ಯ ನಕ್ಷೆಯ ಮೇಲೆ ಕಟ್ಟಿದ ಬ್ರಿಟಿಷ್ ಅಶೀಲ್! ಅದೇ ಹೆಸರಿನ ಫ್ರೆಂಚ್ ನೌಕೆಗೆ ಅಂದೇ ಬೆಂಕಿ ಹತ್ತಿ ಅದು ಸಿಡಿದುಹೋಯಿತು. ಉರಿಯುವ ಹಡಗಿನಿಂದ ಸಮುದ್ರಕ್ಕೆ ಹಾರಿದ ಜನ್ನೆಟ್ ಎಂಬ ಹೆಣ್ಣುಮಗಳನ್ನು ಬ್ರಿಟಿಷ್ ದೋಣಿಯವರೇ ಮೇಲೆತ್ತಿ ಉಳಿಸಿದರು.

ಕದನದ ಬಳಿಕದ ಬಿರುಗಾಳಿಗೆ ಬೆರಿಕ್ ನಾಶವಾಯಿತು. ಹಳೆಯ ಸ್ವಿಫ್ಟ್‌ಶೂರ್ ಮಾತ್ರ ಬದುಕುಳಿದು ಮತ್ತೆ ಬ್ರಿಟಿಷರ ಕೈಸೇರಿತು. ಆದರೆ ಅದರ ಹೆಸರು ಆಗಲೇ ಹೊಸ ಹಡಗಿನ ಪಾಲಾಗಿತ್ತು. ‘ಇರ್ರೆಸಿಸ್ಟಿಬಲ್’ ಎಂಬ ಬೇರೆ ಹೆಸರಿನಲ್ಲಿ ಚಾಟಮ್‌ನಲ್ಲಿ ಯುದ್ಧಕೈದಿಗಳ ತೇಲುಸೆರೆಯಾಗಿದ್ದ ಆ ಹಡಗನ್ನು 1816ರಲ್ಲಿ ಒಡೆದುಹಾಕಿದರು.