ತೋಳಿಗೆ ಹೋಗುವ ದಾರಿಯಲ್ಲೊಂದು ಇಕ್ಕಟ್ಟು

ಕರಿಹಲಗೆಯ ಮೇಲಂಚಿನಲ್ಲಿ ಸ್ವಲ್ಪ ಹೊತ್ತು ಬರೆದರೆ ಕೈ ಭಾರವಾಗಿ, ಕಿರುಬೆರಳು ಮತ್ತು ಉಂಗುರ ಬೆರಳು ಜುಮುಗುಟ್ಟುವುದನ್ನು ನಿಮ್ಮಲ್ಲಿ ಕೆಲವರು ಗಮನಿಸಿರಬಹುದು. ಕೈ ಇಳಿಸಿದೊಡನೆ ಅದು ಹೋಗಿಬಿಟ್ಟರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಆದರೆ ಪದೇ ಪದೇ ಕಾಣಿಸಿಕೊಂಡು, ಹಿಡಿತ ಸಡಿಲವಾಗಿ ಸೀಮೆಸುಣ್ಣ ಜಾರತೊಡಗಿದರೆ ಕಾರಣ ಹುಡುಕಬೇಕು. ಆ ಕಾರಣ ಕೈಯಲ್ಲಿರದೆ ಕತ್ತಿನ ಬುಡದಲ್ಲಿರಬಹುದು. ಅಂಥ ತೊಂದರೆಗೆ 1956ರಲ್ಲಿ ಬಂದ ಹೆಸರು 'ಥೊರಾಸಿಕ್ ಔಟ್‌ಲೆಟ್ ಸಿಂಡ್ರೋಮ್'. ಎದೆಗೂಡಿನ ಮೇಲ್ದ್ವಾರದ ಲಕ್ಷಣಕೂಟ ಎಂದು ಇದನ್ನು ಕರೆಯಬಹುದು.

ಇಕ್ಕಟ್ಟು ಎಲ್ಲಿ?

ಕೊರಳೆಲುಬು ಮತ್ತು ಮೊದಲನೆಯ ಪಕ್ಕೆಲುಬಿನ ನಡುವೆ ಕಿರಿದಾದ ಜಾಗವೊಂದಿದೆ. ತೋಳಿನ ನರಜಾಲ, ಅಪಧಮನಿ ಮತ್ತು ಅಭಿಧಮನಿ ಇದರ ಮೂಲಕವೇ ಹಾಯಬೇಕು. ಕೈ ಮೇಲೆತ್ತಿದಾಗ ಈ ಜಾಗ ಇನ್ನಷ್ಟು ಕಿರಿದಾಗುತ್ತದೆ. ಕತ್ತಿಗೆ ಬಿದ್ದ ಪೆಟ್ಟು, ತಲೆಯ ಮೇಲೆ ಕೈಯೆತ್ತಿ ಮಾಡುವ ಕೆಲಸ, ಈಜು, ಚೆಂಡೆಸೆತ ಮುಂತಾದವು ತೊಂದರೆ ತರಬಲ್ಲವು. ನೂರರಲ್ಲಿ ಒಬ್ಬರಿಗಿಂತ ಕಡಿಮೆ ಜನರಿಗೆ ಕತ್ತಿನಲ್ಲೊಂದು ಹೆಚ್ಚುವರಿ ಪಕ್ಕೆಲುಬಿರುತ್ತದೆ. ಅವರಲ್ಲಿ ಬಹುಪಾಲು ಮಂದಿಗೆ ಅದರಿಂದ ತೊಂದರೆಯೇನೂ ಆಗುವುದಿಲ್ಲ.

ನೂರಕ್ಕೆ 90ಕ್ಕೂ ಹೆಚ್ಚು ರೋಗಿಗಳಲ್ಲಿ ಒತ್ತಡ ಬೀಳುವುದು ನರಗಳ ಮೇಲೆ. ಅಭಿಧಮನಿ ಅದುಮಿದರೆ ತೋಳು ಊದಿ ನೀಲಿಗಟ್ಟುತ್ತದೆ. ಅಪಧಮನಿ ಅದುಮಿದರೆ ಬೆರಳು ಬಿಳಿಚಿಕೊಂಡು ತಣ್ಣಗಾಗುತ್ತವೆ. ಇದು ಅತಿ ವಿರಳ, ಆದರೆ ಅಪಾಯಕರ.

ಪತ್ತೆ ಹೇಗೆ?

ಕೈಗಳನ್ನು ಭುಜದ ಮಟ್ಟಕ್ಕೆ ಚಾಚಿ, ಮೊಣಕೈಯನ್ನು ಲಂಬಕೋನದಲ್ಲಿ ಮಡಿಸಿ, ಮೂರು ನಿಮಿಷ ಮುಷ್ಟಿ ಬಿಗಿದು ಬಿಡಿಸಲು ವೈದ್ಯರು ಹೇಳುತ್ತಾರೆ. ಇದು ರೂಸ್ ಪರೀಕ್ಷೆ. ಕತ್ತು ತಿರುಗಿಸಿ ಉಸಿರೆಳೆದು ಹಿಡಿದಾಗ ನಾಡಿ ಕ್ಷೀಣಿಸುತ್ತದೆಯೇ ಎಂದು ನೋಡುವ ಆಡ್ಸನ್ ಪರೀಕ್ಷೆಯೂ ಉಂಟು. ಆದರೆ ಆರೋಗ್ಯವಂತರಲ್ಲೂ ನಾಡಿ ಹೀಗೆ ಕ್ಷೀಣಿಸಬಹುದು. ಆದ್ದರಿಂದ ಒಂದೇ ಪರೀಕ್ಷೆಯಿಂದ ರೋಗ ನಿರ್ಧರಿಸಲಾಗದು.

ಹೆಚ್ಚುವರಿ ಪಕ್ಕೆಲುಬನ್ನು ಎಕ್ಸ್-ಕಿರಣ ಚಿತ್ರ ತೋರಿಸುತ್ತದೆ. ರಕ್ತನಾಳಗಳಿಗೆ ಡಾಪ್ಲರ್ ಪರೀಕ್ಷೆ ಇದೆ. ನಾಳದ ತ್ರಿಜ್ಯ ಅರ್ಧವಾದರೆ ಅಡ್ಡಕೊಯ್ತದ ವಿಸ್ತೀರ್ಣ ಕಾಲುಭಾಗವಾಗುತ್ತದೆ. ಹರಿವಿನ ಪ್ರಮಾಣ ಅಷ್ಟೇ ಇದ್ದರೆ ಅಲ್ಲಿ ರಕ್ತದ ವೇಗ ನಾಲ್ಕು ಪಟ್ಟಾಗಬೇಕು. ಈ ವೇಗವನ್ನು ಶ್ರವಣಾತೀತ ಧ್ವನಿ ಅಳೆಯುತ್ತದೆ. 5 ಮೆಗಾಹರ್ಟ್ಸ್ ಧ್ವನಿಯನ್ನು 60 ಡಿಗ್ರಿ ಕೋನದಲ್ಲಿ ಹಾಯಿಸಿದರೆ, ಸೆಕೆಂಡಿಗೆ 1 ಮೀಟರ್ ವೇಗದ ರಕ್ತದಿಂದ ಮರಳುವ ಧ್ವನಿಯ ಆವೃತ್ತಿ ಸುಮಾರು 3.2 ಕಿಲೋಹರ್ಟ್ಸ್‌ನಷ್ಟು ವ್ಯತ್ಯಾಸವಾಗುತ್ತದೆ. ಅದು ಕಿವಿಗೆ ಕೇಳುವ ವ್ಯಾಪ್ತಿಯಲ್ಲೇ ಇದೆ! ಅಂಗಾಂಶದಲ್ಲಿ ಧ್ವನಿವೇಗ ಸೆಕೆಂಡಿಗೆ 1540 ಮೀಟರ್ ಎಂದಿಟ್ಟುಕೊಂಡು ವಿದ್ಯಾರ್ಥಿಗಳಿಂದ ಈ ಲೆಕ್ಕ ಮಾಡಿಸಿ.

ನರಗಳ ವಿಷಯ ಇಷ್ಟು ಸುಲಭವಲ್ಲ. ಮುಂಗೈ ನರದಲ್ಲಿ ಸಂಕೇತದ ವೇಗ ಸಾಮಾನ್ಯವಾಗಿ ಸೆಕೆಂಡಿಗೆ 50 ಮೀಟರಿಗೂ ಹೆಚ್ಚು. ಎದೆದ್ವಾರದ ತೊಂದರೆ ಇದ್ದರೂ ಈ ಅಳತೆ ಸರಿಯಾಗಿಯೇ ಬರಬಹುದು. ಹಾಗಿದ್ದರೆ ಪರೀಕ್ಷೆ ಏಕೆ? ಇದನ್ನೇ ಹೋಲುವ ಬೇರೆ ತೊಂದರೆಗಳನ್ನು ಬದಿಗಿರಿಸಲು. ಮಣಿಕಟ್ಟಿನಲ್ಲಿ ನರ ಅದುಮಿದರೆ ಹೆಚ್ಚಾಗಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜುಮುಗುಟ್ಟುತ್ತವೆ. ಇಲ್ಲಿ ಸಾಮಾನ್ಯವಾಗಿ ಕಿರುಬೆರಳಿನ ಕಡೆ.

ಚಿಕಿತ್ಸೆ

ನರದ ತೊಂದರೆಗೆ ಮೊದಲ ಚಿಕಿತ್ಸೆ ವ್ಯಾಯಾಮವೇ. ಭೌತಚಿಕಿತ್ಸಕರ ಮಾರ್ಗದರ್ಶನದಲ್ಲಿ ಕತ್ತು, ಭುಜಗಳ ಸ್ನಾಯುಗಳನ್ನು ಸಡಿಲಿಸಿ, ಬಲಪಡಿಸಿ, ನಿಲುವನ್ನು ತಿದ್ದಿಕೊಳ್ಳಬೇಕು. ಇದಕ್ಕೆ ವಾರಗಳಲ್ಲ, ತಿಂಗಳುಗಳೇ ಬೇಕಾಗಬಹುದು. ಆಗಲೂ ಗುಣವಾಗದಿದ್ದರೆ, ಇಲ್ಲವೇ ಅಂಗೈ ಸ್ನಾಯುಗಳು ಸೊರಗುತ್ತಿದ್ದರೆ ಮೊದಲ ಪಕ್ಕೆಲುಬನ್ನು ತೆಗೆದು ಜಾಗ ಬಿಡಿಸುವ ಶಸ್ತ್ರಚಿಕಿತ್ಸೆ ಇದೆ. ಕಂಕುಳಿನ ಮೂಲಕ ಅದನ್ನು ತೆಗೆಯುವ ವಿಧಾನವನ್ನು ರೂಸ್ 1966ರಲ್ಲಿ ಪ್ರಕಟಿಸಿದರು.

ರಕ್ತನಾಳದ ತೊಂದರೆಗೆ ಮಾತ್ರ ಕಾಯುವಂತಿಲ್ಲ. ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಅದನ್ನು ಕರಗಿಸುವ ಔಷಧಿ ಮೊದಲ ಎರಡು ವಾರಗಳಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಆದ್ದರಿಂದ ತೋಳು ದಿಢೀರನೆ ಊದಿಕೊಂಡರೆ ಅಥವಾ ಬೆರಳು ಬಿಳಿಚಿ ತಣ್ಣಗಾದರೆ ಎಣ್ಣೆ ತಿಕ್ಕುತ್ತ ಕೂರದೆ ಆಸ್ಪತ್ರೆಗೆ ಹೋಗಿ. ಎಡತೋಳಿನ ನೋವಿನೊಂದಿಗೆ ಎದೆನೋವು, ಬೆವರು ಇದ್ದರೆ ಹೃದಯಾಘಾತವಿರಬಹುದು. ಆಗ ಪ್ರತಿ ನಿಮಿಷವೂ ಅಮೂಲ್ಯ.