ಮರಳಿಗೆ ಕೇಳಿಸಿದ ಮೃದಂಗ, ಕೋಡ್‌ಗೆ ಕೇಳಿಸದ ಕಂಸಾಳೆ

ಮೃದಂಗದ ಬಲಬದಿಯ ಮುಚ್ಚಿಗೆಯ ಮೇಲೆ ನುಣುಪಾದ ಮರಳು ಉದುರಿಸಿ ಒಂದು ಪೆಟ್ಟು ಕೊಟ್ಟರೆ, ಚರ್ಮ ಕುಣಿಯುವ ಜಾಗದಿಂದ ಮರಳು ಸಿಡಿಯುತ್ತದೆ. ಸಿಡಿದದ್ದು ಅಲುಗದೆ ಉಳಿದ ಗೆರೆಗಳಲ್ಲಿ ಹೋಗಿ ಕೂರುತ್ತದೆ. ನಾದವೇ ರಂಗೋಲಿ ಬಿಟ್ಟ ಹಾಗೆ. ಸರ್ ಸಿ.ವಿ. ರಾಮನ್ ಇದನ್ನು ಮಾಡಿ ನೋಡಿ, 1934ರಲ್ಲಿ ಬೆಂಗಳೂರಿನಲ್ಲಿ ತಾವೇ ಸ್ಥಾಪಿಸಿದ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್‌ನ ಪತ್ರಿಕೆಯಲ್ಲಿ ಪ್ರಕಟಿಸಿದರು. ನೊಬೆಲ್ ಬಂದು ನಾಲ್ಕು ವರ್ಷವಾಗಿದ್ದರೂ ಮೃದಂಗ, ತಬಲದ ಹುಚ್ಚು ಅವರನ್ನು ಬಿಟ್ಟಿರಲಿಲ್ಲ. ಅದೇ ವಿಷಯದ ಮೇಲೆ ಅವರು 1920ರಲ್ಲೇ ಒಂದು ಟಿಪ್ಪಣಿ ಬರೆದಿದ್ದರು.

ಬರೀ ಚರ್ಮದ ವಾದ್ಯದಲ್ಲಿ ಏಳುವ ಉಪನಾದಗಳು ಒಂದಕ್ಕೊಂದು ಹೊಂದುವುದಿಲ್ಲ. ಸದ್ದು ಸದ್ದಾಗಿಯೇ ಉಳಿಯುತ್ತದೆ. ನಡುವೆ ಹಚ್ಚುವ ಲೇಪದ, ಅಂದರೆ ಕರಣೆಯ, ಭಾರ ಅವನ್ನು ಒಂದು, ಎರಡು, ಮೂರು, ನಾಲ್ಕು, ಐದು ಎಂಬ ಅನುಪಾತಕ್ಕೆ ತಂದು ಕೂರಿಸುತ್ತದೆ. ಚರ್ಮ ಕಂಪಿಸುವ ಒಂಬತ್ತು ಬಗೆಗಳು ಈ ಐದು ಸ್ವರಗಳಲ್ಲಿ ಅಡಗಿವೆ ಎಂದು ರಾಮನ್ ತೋರಿಸಿದರು. ಮರಳು ನಡುವೆ ಒಂದೇ ಗೆರೆ ಎಳೆದರೆ ಎರಡನೆಯ ಸ್ವರ. ಗೆರೆಗಳು ಹೆಚ್ಚಿದಂತೆ, ವೃತ್ತಗಳು ಸೇರಿದಂತೆ ಮೇಲಿನವು. ಕರಣೆ ಹಾಕುವವರಿಗೆ ಈ ಲೆಕ್ಕ ಯಾವತ್ತೂ ಬೇಕಿರಲಿಲ್ಲ, ಅವರ ಕಿವಿಯೇ ಸಾಕಿತ್ತು. ಜರ್ಮನಿಯ ಕ್ಲಾಡ್ನಿ 1787ರಲ್ಲೇ ತಟ್ಟೆಯ ಮೇಲೆ ಮರಳು ಹಾಕಿ, ಅಂಚಿಗೆ ಕಮಾನು ಎಳೆದು ಇಂಥ ಚಿತ್ರ ಬರಿಸಿದ್ದು ನಿಜ. ಆದರೆ ನಮ್ಮ ಕಛೇರಿಯ ವಾದ್ಯ ತನ್ನ ಚಿತ್ರವನ್ನು ತಾನೇ ಬರೆದುಕೊಂಡದ್ದು ನನಗೆ ಹೆಚ್ಚು ಇಷ್ಟ.

ಇವತ್ತು ಆ ಮರಳಿನ ಕೆಲಸವನ್ನು ಕೋಡ್ ಮಾಡುತ್ತದೆ. ಹಾಡಿಗೆ ತಕ್ಕಂತೆ ಪರದೆಯ ಮೇಲೆ ಬಣ್ಣ, ಆಕಾರ ಬದಲಾಗುವ ಈ ಕಲೆಗೆ ಒಂದು ಲ್ಯಾಪ್‌ಟಾಪು, ಒಂದು ಮೈಕು ಇದ್ದರೆ ಆಯಿತು. 2001ರಲ್ಲಿ ಕೇಸಿ ರಿಯಾಸ್, ಬೆನ್ ಫ್ರೈ ಕಲಾವಿದರಿಗಾಗಿಯೇ ‘ಪ್ರೊಸೆಸಿಂಗ್’ ಎಂಬ ಕೋಡ್ ಭಾಷೆ ಕಟ್ಟಿದರು. ಒಲಿವಿಯಾ ಜ್ಯಾಕ್ ಮಾಡಿದ ‘ಹೈಡ್ರಾ’ ಬ್ರೌಸರ್‌ನಲ್ಲೇ ತೆರೆದುಕೊಳ್ಳುತ್ತದೆ. ಎರಡಕ್ಕೂ ಕಾಸು ಕೊಡಬೇಕಿಲ್ಲ.

ಒಳಗೆ ನಡೆಯುವುದು ಇಷ್ಟು. ಮೈಕಿನ ಸದ್ದು ಸಾಮಾನ್ಯವಾಗಿ ಸೆಕೆಂಡಿಗೆ 44,100 ಅಂಕಿಗಳಾಗುತ್ತದೆ. ಬ್ರೌಸರ್ ಅದರಲ್ಲಿ 2,048ನ್ನು, ಅಂದರೆ ಸೆಕೆಂಡಿನ ಇಪ್ಪತ್ತನೆಯ ಒಂದು ಪಾಲಿಗಿಂತ ತುಸು ಕಡಿಮೆ ಹೊತ್ತಿನ ಸದ್ದನ್ನು, ಹಿಡಿದು ಫೂರಿಯೇ ಗಣಿತದಿಂದ 1,024 ಪಟ್ಟಿಗಳಾಗಿ ಸೀಳುತ್ತದೆ. ಮಂದ್ರ ಒಂದು ತುದಿಗೆ, ತಾರ ಇನ್ನೊಂದು ತುದಿಗೆ. ಯಾವ ಪಟ್ಟಿ ಏರಿದರೆ ವೃತ್ತ ಹಿಗ್ಗಬೇಕು, ಯಾವುದಕ್ಕೆ ಬಣ್ಣ ತಿರುಗಬೇಕು ಎಂದು ಬರೆಯುವುದೇ ಕಲೆಗಾರನ ಕೆಲಸ.

ಯಾವ ಪಟ್ಟಿಗೆ ಕಿವಿಗೊಡಬೇಕು ಎಂಬ ಈ ಮಾತಿಗೇ ತಾಳವಾಡಿ ಬೆಟ್ಟದ ಕಂಸಾಳೆ ನೆನಪಾದದ್ದು. ಸತ್ಯಮಂಗಲದಿಂದ ದಿಂಬಂ ಘಾಟಿಯ 27 ತಿರುವು ಹತ್ತಿದರೆ ಈ ಸೀಮೆ. ಇತ್ತ ಚಾಮರಾಜನಗರ ಪಕ್ಕದ್ದೇ. 1956ರಲ್ಲಿ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂತು, ತಾಳವಾಡಿ ಮದರಾಸು ರಾಜ್ಯದಲ್ಲೇ, ಅಂದರೆ ಇಂದಿನ ತಮಿಳುನಾಡಿನಲ್ಲೇ, ಉಳಿಯಿತು. ಮಾತು ಮಾತ್ರ ಕನ್ನಡವೇ. ರಾಜ್‌ಕುಮಾರ್ ಅವರ ಗಾಜನೂರು ಇರುವುದೂ ಇಲ್ಲೇ. ಮಲೆ ಮಾದಪ್ಪನ ಈ ಸೀಮೆಯ ಕಿವಿಗೆ ಕಂಸಾಳೆ ಹೊಸದಲ್ಲ. ಒಂದು ಕೈಯಲ್ಲಿ ಬಟ್ಟಲಿನಂಥ ತಾಳ, ಇನ್ನೊಂದರಲ್ಲಿ ದಾರ ಕಟ್ಟಿದ ಚಪ್ಪಟೆ ತಾಳ. ಬೀಸು ಕಂಸಾಳೆಯಲ್ಲಿ ಅದು ತಲೆಯ ಮೇಲೆ, ಬೆನ್ನ ಹಿಂದೆ ಸುತ್ತಿ ಬಂದು ಬಡಿಯುತ್ತದೆ.

ಈ ಸದ್ದನ್ನು ಸಿದ್ಧ ಕೋಡ್‌ಗೆ ಕೊಟ್ಟರೆ ಪರದೆ ತೂಕಡಿಸುತ್ತದೆ. ಪೇಟೆಯ ಡಿಜೆ ಸಂಗೀತದಲ್ಲಿ ಪೆಟ್ಟು ಬರುವುದು ಮಂದ್ರದಿಂದ, ಹಾಗಾಗಿ ಬಹುಪಾಲು ನಮೂನೆಗಳು ಮೊದಲ ಕೆಲವು ಪಟ್ಟಿಗಳನ್ನೇ ಕಾಯುತ್ತಿರುತ್ತವೆ. ಕಂಚಿನ ತಾಳದ ಹುರುಪೆಲ್ಲ ಮೇಲಿನ ಪಟ್ಟಿಗಳಲ್ಲಿ ಚೆಲ್ಲಾಡಿರುತ್ತದೆ. ಇನ್ನೊಂದು ತೊಡಕು, ಚಿತ್ರ ನಡುಗದಿರಲೆಂದು ಬ್ರೌಸರ್ ಮೊದಲೇ ಇಟ್ಟಿರುವ 0.8 ಎಂಬ ಅಂಕಿ. ಹಿಂದಿನ ಕ್ಷಣಕ್ಕೆ 80 ಪಾಲು, ಹೊಸ ಪೆಟ್ಟಿಗೆ 20 ಪಾಲು ಎಂದು ಇದರ ಅರ್ಥ. ಕಂಸಾಳೆಯ ಚಣ್ಣನೆಯ ಬಡಿತ ಪರದೆ ತಲುಪುವ ಹೊತ್ತಿಗೆ ಮೊಂಡಾಗಿರುತ್ತದೆ. ಆ ಅಂಕಿಯನ್ನು ಇಳಿಸಿ, ಮೇಲಿನ ಪಟ್ಟಿಗಳತ್ತ ಕಿವಿ ತಿರುಗಿಸಿದರೆ ಸಾಕು, ಪ್ರತಿ ಬಡಿತಕ್ಕೂ ಪರದೆ ಎಚ್ಚರಗೊಳ್ಳುತ್ತದೆ. ತಮಟೆಯದು ಬೇರೆಯೇ ಕಥೆ: ಬೆಂಕಿಗೆ ಹಿಡಿದು ಕಾಯಿಸಿದಂತೆ ಅದರ ಸ್ವರ ಏರುತ್ತದೆ, ಆರಿದಂತೆ ಇಳಿಯುತ್ತದೆ. ಒಂದೇ ಪಟ್ಟಿಯನ್ನು ನೆಚ್ಚಿಕೊಂಡ ಕೋಡ್ ರಾತ್ರಿಯ ನಡುವೆ ದಾರಿ ತಪ್ಪುತ್ತದೆ.

ಇದನ್ನೆಲ್ಲ ಸರಿಯಾಗಿ ಹೊಂದಿಸಬೇಕಾದರೆ ಕಂಸಾಳೆ ಕೇಳುತ್ತ ಬೆಳೆದವರೇ ಬೇಕು. ಬೀಸಿದ ತಾಳ ಬಡಿಯುವ ಮುಂಚಿನ ಆ ಚಿಕ್ಕ ಬಿಡುವಿಗೂ ಒಂದು ಬಣ್ಣ ಬೇಕೆಂದು ಅವರಿಗಲ್ಲದೆ ಇನ್ಯಾರಿಗೆ ತೋಚೀತು? ಕೋಡ್ ಕಲಿತ ಇಂಥ ಕಡೆಯ ಹುಡುಗ ಹುಡುಗಿಯರು ಕೊಯಮತ್ತೂರಿಗೋ ಬೆಂಗಳೂರಿಗೋ ಬಸ್ಸು ಹತ್ತುತ್ತಾರೆ, ಅಲ್ಲಿ ಬ್ಯಾಂಕಿನ ಆ್ಯಪ್ ಬರೆಯುತ್ತಾರೆ. ಊರಿನ ಜಾತ್ರೆಗೆ ಬಂದಾಗ ಲ್ಯಾಪ್‌ಟಾಪು ಬ್ಯಾಗಿನಲ್ಲೇ ಇರುತ್ತದೆ, ಆಫೀಸಿನ ಕೆಲಸಕ್ಕೆ.