ಕಚೇರಿಯ ವಂತಿಗೆ ಪಟ್ಟಿ

ಡಿಸೆಂಬರ್ 7 ಬಂದಿತೆಂದರೆ ಹಲವು ಸರಕಾರಿ ಕಚೇರಿಗಳಲ್ಲಿ ಧ್ವಜದಿನದ ಡಬ್ಬಿ ಮೇಜಿನಿಂದ ಮೇಜಿಗೆ ಸಾಗುತ್ತದೆ. 1949ರಿಂದ ನಡೆದುಬಂದ ಈ ಸಂಗ್ರಹವು ಮಡಿದ ಯೋಧರ ಕುಟುಂಬಗಳಿಗೂ ಮಾಜಿ ಸೈನಿಕರಿಗೂ ನೆರವಾಗತಕ್ಕುದು. ಪುಟ್ಟ ಬಾವುಟವನ್ನು ಅಂಗಿಗೆ ಸಿಕ್ಕಿಸಿಕೊಂಡರಾಯಿತು. ಯಾರೆಷ್ಟು ಹಾಕಿದರೆಂಬುದು ಯಾರಿಗೂ ತಿಳಿಯದು.

ಪಟ್ಟಿಯ ರೀತಿ ಹಾಗಲ್ಲ. ಸಾಹೇಬರು ಮೇಲೆ 500 ರೂಪಾಯಿ ಬರೆದರೆಂದರೆ ಕೆಳಗೆ ಜವಾನನ ಕೈ ತಡೆಯುತ್ತದೆ. ತಿಂಗಳ 25ನೆಯ ತಾರೀಕು ಬೇರೆ! ಬಾಡಿಗೆ, ಮಕ್ಕಳ ಫೀಸು, ಊರಿಗೆ ಕಳಿಸುವ ಹಣ ಕಳೆದು ಉಳಿಯುವುದೆಷ್ಟೆಂದು ಪರಸ್ಥಳದಲ್ಲಿರುವ ನಾವು ಬಲ್ಲೆವಷ್ಟೆ. ಪಟ್ಟಿಯಿಂದ ಹೆಚ್ಚು ಕೂಡೀತು, ನಿಜ. ಆದರೆ ನಾಚಿಕೆಗೆ ಕೊಟ್ಟದ್ದನ್ನು ದಾನವೆನ್ನಲು ನನಗೆ ಮನಸ್ಸಾಗದು. ಕೇಳುವವರು ಸಂಬಳದ ಮಾರನೆಯ ದಿನ ಕೇಳಲಿ, ಮುಚ್ಚಿದ ಲಕೋಟೆಯಲ್ಲಿ ಪಡೆಯಲಿ. ಎಣಿಸುವಾಗ ಇಬ್ಬರಿರಲಿ. ಒಟ್ಟು ಮೊತ್ತವನ್ನೂ ರಸೀದಿಯನ್ನೂ ಸೂಚನಾಫಲಕಕ್ಕೆ ಅಂಟಿಸಲಿ. ಹೆಸರುಗಳು ಬೇಡ, ಸಾಹೇಬರದೂ ಬೇಡ.